ಬಂಡೆಯ ಮೇಲೆ ಗಣಿತದ ಮೇಷ್ಟ್ರು

ಹತ್ತಬಲ್ಲವನಿಗೆ ಇಳಿಯಲೂ ಬರುತ್ತದೆ ಎಂದು ನಾನು ಐವತ್ತೆರಡು ವರ್ಷ ನಂಬಿಕೊಂಡಿದ್ದೆ. ಮರದ ತುದಿಯಲ್ಲಿ ಕುಳಿತು ಅಳುವ ಬೆಕ್ಕೂ ಹಾಗೇ ನಂಬಿರುತ್ತದೆ ಎಂಬುದು ಆಮೇಲೆ ಹೊಳೆಯಿತು.

ರಾವಂದೂರಿನ ನಮ್ಮ ಹೈಸ್ಕೂಲಿನ ಎಂಟನೇ ತರಗತಿಯ ಹುಡುಗಿಯರನ್ನು ಬೆಟ್ಟದಪುರದ ಬೆಟ್ಟಕ್ಕೆ ಕರೆದೊಯ್ದಿದ್ದೆವು. ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವುದು ಹೇಗೆ ಎಂದು ಒಂದು ದಿನದ ತರಬೇತಿ. "ಹೆಣ್ಮಕ್ಳಿಗೆ ಹಗ್ಗ ಯಾಕ್ ಸಾ, ನೀರ್ ಸೇದಾಕಾ?" ಎಂದು ಬಸ್ಸು ಹತ್ತಿಸಲು ಬಂದ ಒಬ್ಬ ತಂದೆ ನಕ್ಕಿದ್ದರು. ನಾನೂ ನಕ್ಕಿದ್ದೆ. ಗಣಿತದ ಪೀರಿಯಡ್ ಹಾಳಾಯಿತಲ್ಲ ಎಂಬ ಸಂಕಟ ನನ್ನದು.

ತರಬೇತಿ ಕೊಡಲು ಬಂದಿದ್ದ ಮೇಡಂ ಗಂಟು ಹಾಕುವುದನ್ನೂ ಗಾಬರಿಯಾದವರನ್ನು ಮಾತಾಡಿಸುವುದನ್ನೂ ಕಲಿಸುತ್ತಿದ್ದಾಗ, ಫೋಟೊ ಚೆನ್ನಾಗಿ ಬರಲೆಂದು ನಾನು ಪಕ್ಕದ ಬಂಡೆ ಏರಿದೆ. ಎರಡಾಳೆತ್ತರ ಇದ್ದೀತು. ಫೋಟೊ ತೆಗೆದು ಕೆಳಗೆ ನೋಡಿದೆ, ಅಷ್ಟೆ. ಬಂಡೆಯನ್ನು ತಬ್ಬಿ ಕೂತುಬಿಟ್ಟೆ. "ಗಾಳಿ ಚೆನ್ನಾಗಿದೆ, ನೀವು ನಡೆಸಿ," ಎಂದು ಕೂಗಿದರೆ ಮೇಕೆಮರಿಯ ಸ್ವರ ಬಂತು.

ಮೇಡಂ ಸೀಟಿ ಊದಿದರು. "ಮಕ್ಕಳೇ, ನಿಜವಾದ ಕೇಸೇ ಸಿಕ್ಕಿದೆ. ಗಂಟು ನಾನು ನೋಡ್ತೀನಿ, ಇಳಿಸೋದು ನಿಮ್ಮ ಕೆಲಸ."

ಟೈಲರ್ ಮಗಳು ಶಬಾನಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತಿ ಬಂದಳು. ನನಗೂ ಒಂದು ಹಗ್ಗ ಕಟ್ಟುತ್ತ, "ಸಾ, ನಿಮ್ಮೆಸ್ರೇನು?" ಎಂದಳು.

"ಗೊತ್ತಿಲ್ವೇನೇ ನಿಂಗೆ?"

"ಗೊತ್ತು ಸಾ. ಆದ್ರೂ ಕೇಳ್ಬೇಕಂತೆ, ಗ್ಯಾನ ನೆಟ್ಗೈತಾ ಅಂತ. ಹದಿನೇಳೆಂಟ್ಲಿ ಎಷ್ಟು?"

"ನೂರ ಇಪ್ಪತ್ತಾರು."

"ನೂರ ಮೂವತ್ತಾರು ಸಾ. ಓಗ್ಲಿ ಬುಡಿ, ಗಾಬ್ರೀಲಿ ಅಂಗಾಯ್ತದೆ," ಎಂದು ಬೆನ್ನು ಸವರಿದಳು. ಇಷ್ಟು ವರ್ಷ ಪಾಠ ಹೇಳಿದರೂ ಈ ಮಾತನ್ನು ನಾನು ಒಂದು ಮಗುವಿಗೂ ಹೇಳಿರಲಿಲ್ಲ.

ಕೆಳಗಿನಿಂದ ಮಾದೇವಿ ಎಂಬ ಇನ್ನೊಬ್ಬಳು, "ಎಡಗಾಲು ಇನ್ನೊಸಿ ಕೆಳೀಕೆ ಬುಡಿ ಸಾ, ಆಂ, ಅಲ್ಲೇ!" ಎನ್ನುತ್ತ ನನ್ನ ಪಾದ ಹಿಡಿದು ಸಂದಿ ತೋರಿಸುತ್ತಿದ್ದಳು. ಮರಕ್ಕೆ ಸುತ್ತಿದ ಹಗ್ಗದ ತುದಿಯನ್ನು ಉಳಿದವರೆಲ್ಲ ಹಲ್ಲು ಕಚ್ಚಿ ಹಿಡಿದಿದ್ದರು. ನನ್ನ ತೊಂಬತ್ತು ಕೆಜಿ ಒಂದಂಗುಲವೂ ಜಾರಲಿಲ್ಲ. ಕಾಲು ನೆಲ ಮುಟ್ಟಿದಾಗ ಎದ್ದ ಕೇಕೆಗೆ ಬೆಟ್ಟದ ಕೋತಿಗಳೆಲ್ಲ ಓಡಿದವು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

ಮಾರನೆಯ ದಿನ ಹೆಡ್‌ಮಾಸ್ಟರಿಗೆ ಕೊಡಲು ವರದಿ ಬರೆದೆ: 'ವಿದ್ಯಾರ್ಥಿನಿಯರ ಅಭ್ಯಾಸಕ್ಕೆಂದು ನಾನು ಬಂಡೆಯ ಮೇಲೆ ಸಿಕ್ಕಿಕೊಂಡಂತೆ ನಟಿಸಿದೆ.' ಶಬಾನಾಳ ಅಕ್ಷರ ದುಂಡಗಿದೆಯೆಂದು ನಕಲು ಮಾಡಲು ಅವಳಿಗೇ ಕೊಟ್ಟೆ. ಓದಿದವಳು ನನ್ನ ಕೆಂಪು ಪೆನ್ನು ಕೇಳಿದಳು.

"ಒಂದ್ ತಪ್ಪೈತೆ ಸಾ."

ಮೊದಲಿನ ಎರಡು ಪದ, ಕೊನೆಯ 'ನಟಿಸಿದೆ' ಹೊಡೆದುಹಾಕಿ, 'ಸಿಕ್ಕಿಕೊಂಡಂತೆ' ಎಂಬುದನ್ನು ತಿದ್ದಿದಳು. ಉಳಿದದ್ದು ಇಷ್ಟೇ: 'ನಾನು ಬಂಡೆಯ ಮೇಲೆ ಸಿಕ್ಕಿಕೊಂಡೆ.' ಎರಡು ಸಲ ಓದಿ ನೋಡಿದೆ. ವ್ಯಾಕರಣ ಸರಿಯಾಗಿತ್ತು. ಸಹಿ ಹಾಕಿದೆ.