ಭುಜಂಗನ ಮೂರನೇ ಸ್ಯಾಂಪಲ್

ದೇವರ ಮುಂದೆ ಇಡಬಾರದಿತ್ತು. ಇಟ್ಟದ್ದೇ ತಪ್ಪಾಯಿತು.

ಡೊಂಬಿವಲಿಯ ಬಣ್ಣದ ಪುಡಿ ಕಾರ್ಖಾನೆಯೊಂದರಲ್ಲಿ ಭುಜಂಗನಿಗೆ ಇಪ್ಪತ್ತಾರು ವರ್ಷ ಸರ್ವಿಸು. ಅಲ್ಲಿ ತಯಾರಾಗುವುದು ರೆಡ್ ಆಕ್ಸೈಡ್. ಊರ ಮನೆಗಳ ಕೆಂಪು ನೆಲಕ್ಕೆ, ಗೇಟಿನ ಪ್ರೈಮರ್ ಬಣ್ಣಕ್ಕೆ, ಫುಟ್‌ಪಾತಿನ ಸಿಮೆಂಟ್ ಬ್ಲಾಕಿಗೆ ಹಾಕುವ ಪುಡಿ. ಇಪ್ಪತ್ನಾಲ್ಕು ವರ್ಷ ಗ್ರೈಂಡಿಂಗ್ ವಿಭಾಗದಲ್ಲಿ ಅದರ ಧೂಳು ಕುಡಿದೇ ಬದುಕಿದ. ಸೀನಿದರೆ ಕರ್ಚೀಫು ಕೆಂಪು, ಮಲಗಿದರೆ ದಿಂಬು ಕೆಂಪು. ಕೊನೆಗೂ ಲ್ಯಾಬಿನಲ್ಲೊಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು ಸಿಕ್ಕಿ ಎರಡು ವರ್ಷವಾಗಿತ್ತಷ್ಟೆ. ಆ ಕುರ್ಚಿಗೇ ಈಗ ಸಂಚಕಾರ.

ಕಳಂಬೋಲಿಯಲ್ಲಿ ಬ್ಲಾಕು ತಯಾರಿಸುವ ಹಿತೇಶ್ ಸೇಠ್ ಎರಡು ಸಲ ಸ್ಯಾಂಪಲ್ ತಿರಸ್ಕರಿಸಿದ್ದ. "ಇಸ್ ಮೇ ಜಾನ್ ನಹೀ ಹೈ" ಎಂದು, ಬಣ್ಣಕ್ಕೆ ಜೀವವೇ ಇಲ್ಲವೆಂದು, ಅವನ ದೂರು. ಕಾರ್ಖಾನೆಯ ಮಾಲಕ ಶೇಖರ ಶೆಟ್ಟರು ಭುಜಂಗನನ್ನು ಕರೆಸಿದರು.

"ಮೂರನೇದೂ ರಿಜೆಕ್ಟ್ ಆದ್ರೆ ನೀವು ಪುನಃ ಗ್ರೈಂಡಿಂಗಿಗೆ ಇಳೀಬೇಕಾಗ್ತದೆ, ಭುಜಂಗಣ್ಣ."

ಹೆದರಿದ ಭುಜಂಗ ಮೂರನೇ ಸ್ಯಾಂಪಲಿನ ಪೊಟ್ಟಣವನ್ನು ಸಂಜೆ ಮನೆಗೊಯ್ದು ದೇವರ ಮುಂದಿಟ್ಟು ಕೈಮುಗಿದ. ಅಲ್ಲಿ ಇನ್ನೊಂದು ಪೊಟ್ಟಣವೂ ಇತ್ತು. ಮರುದಿನ ಬಿಲ್ಡಿಂಗಿನ ಹೆಂಗಸರನ್ನು ಕರೆದಿದ್ದ ಹಳದಿ-ಕುಂಕುಮಕ್ಕೆಂದು ಹೆಂಡತಿ ಪುಷ್ಪಾವತಿ ಕಲ್ಯಾಣ್ ಪೇಟೆಯಿಂದ ತಂದ ಕುಂಕುಮ. ಬೆಳಗ್ಗೆ ಕರೆಂಟಿರಲಿಲ್ಲ. ಬಸ್ಸಿನ ಅವಸರದಲ್ಲಿ ಕೈಗೆ ಸಿಕ್ಕಿದ ಪೊಟ್ಟಣವನ್ನು ಚೀಲಕ್ಕೆ ತುರುಕಿ ಓಡಿದ.

ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತೇ ಬೆವೆತು ಕಳಂಬೋಲಿ ಮುಟ್ಟಿದರೆ ಸೇಠ್ ಇರಲಿಲ್ಲ. ಬಂದದ್ದು ಮೂರೂವರೆಗೆ. ಪೊಟ್ಟಣವನ್ನು ಮೇಸ್ತ್ರಿ ಒಳಗೆ ಒಯ್ದ. ಕಾದು ಕಾದು ಸೋತ ಭುಜಂಗ ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು.

"ಇವರೇ, ದೇವರ ಹತ್ರ ನೀವು ಎಂಥ ಇಟ್ಟದ್ದು?" ಪುಷ್ಪಾವತಿಗೆ ಅಳುವೇ ಬಂದಿತ್ತು. "ಬಂದವರ ಹಣೆಗೆ ಹಚ್ಚಿದ್ದು ಉಜ್ಜಿದ್ರೂ ಹೋಗೂದಿಲ್ಲ. ಮಲ್ಲಿಕಕ್ಕ ತೆಂಗಿನೆಣ್ಣೆ ಹಾಕಿ ಅಂದ್ರು. ಈಗ ಎಲ್ಲರದ್ದೂ ಇಡೀ ಮುಖ ಕೆಂಪು!"

ಹಿಂದಿನಿಂದ ಪಕ್ಕದ ಮನೆಯ ಮಲ್ಲಿಕಾ ಕೂಗಿದಳು. "ಭುಜಂಗಣ್ಣಾ, ಪೈಂಟಿನ ಥಿನ್ನರ್ ಹಾಕುದಾ?"

"ಅಯ್ಯೋ, ಬೇಡ ಮಾರಾಯ್ತಿ! ಸೋಪು ಹಾಕಿ ತೊಳೀರಿ!"

ಫೋನಿಟ್ಟ ಮೇಲೆ ಅವನಿಗೆ ಹೊಳೆಯಿತು. ಸ್ಯಾಂಪಲ್ ಮನೆಯಲ್ಲಿದ್ದರೆ ಇಲ್ಲಿ ಕೊಟ್ಟದ್ದು ಏನು? ಒಳಗೆ ಓಡಿದ. ಮೇಸ್ತ್ರಿ ಆಗಲೇ ಅರ್ಧ ಕಿಲೋ ಕುಂಕುಮವನ್ನು ಬಿಳಿ ಸಿಮೆಂಟಿಗೆ ಕಲಸಿ ಹಲಗೆಯ ಮೇಲೆ ಎರಕ ಹೊಯ್ದಿದ್ದ. ಅದು ದೇವಿಯ ಹಣೆಯ ಹಾಗೆ ಹೊಳೆಯುತ್ತಿತ್ತು.

"ಸೇಠ್‌ಜೀ, ಯೇ ಗಲತ್ ಸ್ಯಾಂಪಲ್..."

"ಅರೇ ಚುಪ್! ಯಹೀ ತೋ ಚಾಹಿಯೇ ಥಾ!" ತನಗೆ ಬೇಕಿದ್ದ ಕೆಂಪು ಇದೇ ಎಂದು ಸೇಠ್ ಫೋಟೋ ಹೊಡೆದು ಶೆಟ್ಟರಿಗೆ ಕಳಿಸಿಯೂ ಆಗಿತ್ತು. ಭುಜಂಗ ಬಾಯಿ ತೆರೆದಾಗಲೆಲ್ಲ ಅವನ ಬಾಯಿಗೆ ಪೇಡಾ ಬಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಶೆಟ್ಟರ ಫೋನು ಬಂತು.

"ಐದು ಟನ್ ಆರ್ಡರು! ಎಂಥ ಕೈಗುಣ ಮಾರಾಯ್ರೆ ನಿಮ್ಮದು!"

"ಶೆಟ್ರೇ, ಅದು ಕುಂಕುಮ. ಬಿಸಿಲಿಗೆ ಎಂಟು ದಿನ ನಿಲ್ಲುದಿಲ್ಲ."

ಶೆಟ್ಟರು ದನಿ ತಗ್ಗಿಸಿದರು.

"ಯಾರಿಗೂ ಹೇಳ್ಬೇಡಿ. ಅದೇ ಶೇಡ್ ನಮ್ಮ ಆಕ್ಸೈಡಿನಲ್ಲಿ ಬರ್ಸಿ."

"ಬರೂದಿಲ್ಲ ಶೆಟ್ರೇ."

"ಇನ್ನೂ ನುಣ್ಣಗೆ ಅರೆದ್ರೆ ಬರ್ತದೆ. ಬರುವ ತನಕ ಗ್ರೈಂಡಿಂಗಿನಲ್ಲಿ ನೀವೇ ನಿಲ್ಬೇಕು. ನಾಳೆಯಿಂದ್ಲೇ."

ಭುಜಂಗ ಕಿಟಕಿಗೆ ತಲೆಯಾನಿಸಿದ. ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಮನೆಗೆ ಫೋನು ಹಚ್ಚಿದ.

"ಪುಷ್ಪಾ, ನನ್ನ ಆ ಹಳೇ ಕೆಂಪು ಕರ್ಚೀಫು ಇಟ್ಟಿದ್ಯಾ, ಬಿಸಾಡಿದ್ಯಾ?"

"ಉಂಟು. ಈಗ ಅದ್ರಲ್ಲೇ ಮಲ್ಲಿಕಕ್ಕನ ಮುಖ ಒರೆಸ್ತಾ ಇದ್ದೇನೆ."