ಕಬಡ್ಡಿಯ ಕೊನೆಯ ರೈಡಿನಲ್ಲಿ ಕಣ್ಣು ಮುಚ್ಚಿದ ಹಾರ್ಡ್ ಡಿಸ್ಕ್ ಅವರಿಗೆ

ಮಾನ್ಯ ಹಾರ್ಡ್ ಡಿಸ್ಕ್ ಮಹಾಶಯರೇ,

ರಾಯಬಾಗದ ನಮ್ಮ ಮನೆಯ ಟಿ.ವಿ. ಮೇಜಿನ ಮೇಲೆ, ಕಸೂತಿ ಬಟ್ಟೆಯ ಆಸನದಲ್ಲಿ ವಿರಾಜಮಾನರಾಗಿರುವ ತಮಗೆ ನೀಲಮಳ ಸಾದರ ನಮಸ್ಕಾರಗಳು. ತಮ್ಮ ನೀಲಿ ದೀಪ ಸದಾ ಮಿನುಗುತ್ತಿರಲಿ. ಕಳೆದ ಭಾನುವಾರ ಅದು ಆರಿದ ರೀತಿಯ ಬಗ್ಗೆ ಮಾತ್ರ ಒಂದೆರಡು ಮಾತು ನಿವೇದಿಸಿಕೊಳ್ಳಬೇಕಾಗಿದೆ.

ನನ್ನ ಅವ್ವ ದ್ರೌಪದಿ ಮದುವೆಗೆ ಮುಂಚೆ ಕಬಡ್ಡಿ ಆಡುತ್ತಿದ್ದಳು. ಚಿಕ್ಕೋಡಿಯಲ್ಲಿ ನಡೆದ ಫೈನಲ್ಲಿನಲ್ಲಿ ಗೆಲುವಿನ ಅಂಕ ತಂದವಳು ಅವಳೇ. ಅಂದು ಆಟ ನೋಡಲು ಬಂದು, ಆಮೇಲೆ ಅವಳನ್ನೇ ಮದುವೆಯಾದ ನನ್ನ ಅಪ್ಪ ನಾಮದೇವ ಮಾತ್ರ ಆ ಅಂಕವನ್ನು ಕಳೆದ ಭಾನುವಾರದವರೆಗೂ ಒಪ್ಪಿರಲಿಲ್ಲ.

“ನಿನ್ನ ಕಾಲು ಹೊರಗಿನ ಗೆರಿ ದಾಟಿತ್ತು. ನಾ ನೋಡೇನಿ” ಎಂದು ಅಪ್ಪ.

“ನೀವು ಗೆರಿ ಎಲ್ಲಿ ನೋಡಿದ್ರಿ, ನನ್ನ ಮಾರಿ ನೋಡಾಕತ್ತಿದ್ರಿ” ಎಂದು ಅವ್ವ.

ಹೀಗಿರುವಾಗ ಅವ್ವನ ತಂಗಿ, ನಿಪ್ಪಾಣಿಯ ಸುಂದರಾ ಮಾವಶಿಯ ಟ್ರಂಕಿನಲ್ಲಿ ಆ ಪಂದ್ಯದ ಟೇಪೂ ಕ್ಯಾಮೆರಾವೂ ಸಿಕ್ಕವು. ಟೇಪು ಎಷ್ಟು ಜೀರ್ಣವಾಗಿತ್ತೆಂದರೆ ಒಂದೇ ಒಂದು ಸಲ ಓಡಿದರೂ ನಮ್ಮ ಪುಣ್ಯ. ಕ್ಯಾಮೆರಾವನ್ನೂ ತಮ್ಮನ್ನೂ ಒಂದೇ ಅಡಾಪ್ಟರಿಗೆ ಸಿಕ್ಕಿಸಿ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಮೂವರೂ ಉಸಿರು ಬಿಗಿಹಿಡಿದು ಕುಳಿತೆವು.

ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಲಿ! ಅತಿಥಿಗಳ ಭಾಷಣವನ್ನು ಒಂದಕ್ಷರ ಬಿಡದೆ ಬರೆದುಕೊಂಡಿರಿ. ಅಂಗಳ ದಾಟಿದ ನಾಯಿಯನ್ನು ಬಾಲದ ತುದಿಯವರೆಗೂ ಕಾಪಾಡಿದಿರಿ. ಅವ್ವ ಕೊನೆಯ ರೈಡಿಗೆ ನುಗ್ಗಿದ ಕ್ಷಣದಲ್ಲೇ ತಮ್ಮ ದೀಪ ಆರಿತು. ಡ್ರೈವ್ ಕಾಣುತ್ತಿಲ್ಲವೆಂಬ ಸೂಚನೆ ಪರದೆಯ ತುಂಬ ಬಂತು. ನಾವು ಮೂವರೂ ಅದನ್ನು ಓದುತ್ತಿರುವಾಗ ಕ್ಯಾಮೆರಾ ಆ ಟೇಪನ್ನು ಶಾವಿಗೆಯಂತೆ ಜಗಿದು ಮುಗಿಸಿತು.

ಅವ್ವ ಎದ್ದು, ಟೀಪಾಯಿ ಬದಿಗೆ ಸರಿಸಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ಏಳ್ರಿ. ಜಮಖಾನಿ ಅಂಚೇ ಹೊರಗಿನ ಗೆರಿ, ಅಡಗಿಮನಿ ಹೊಸ್ತಲಾನೇ ನಡುಗೆರಿ. ಹಿಡೀರಿ ನೋಡೂಣು.”

ಅಪ್ಪ ನಗುತ್ತ ಎದ್ದರು. ನಾನು ಫೋನು ಹಿಡಿದೆ. ಅವ್ವ ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ಹೊರಳಿ ಅಪ್ಪನ ಮೊಣಕಾಲು ಮುಟ್ಟಿದಳು. ಸೊಂಟ ಹಿಡಿದ ಅಪ್ಪನನ್ನು ಎಳೆದುಕೊಂಡೇ ಅಡುಗೆಮನೆಯ ಹೊಸ್ತಿಲು ತಲುಪಿದಳು. ಇಬ್ಬರೂ ಅಲ್ಲೇ ಕುಸಿದು ಕುಳಿತು, ಉಸಿರು ಸಿಗದಷ್ಟು ನಕ್ಕರು.

“ಗೆರಿ ದಾಟಿತೇನ್ರಿ?”

“ಇಲ್ಲ. ಆವತ್ತೂ ದಾಟಿದ್ದಿಲ್ಲ” ಎಂದರು ಅಪ್ಪ, “ಹಂಗ ಅಂದಿದ್ದಕ್ಕ ನೀ ಜಗಳಾಡಾಕ ಬಂದಿ. ಇಲ್ಲಾಂದ್ರ ನನ್ನ ಕೂಡ ಯಾಕ ಮಾತಾಡ್ತಿದ್ದಿ?”

ಅವ್ವ ಸೆರಗಿನಿಂದ ಅಪ್ಪನ ಹಣೆಯ ಬೆವರು ಒರೆಸಿದಳು.

ಆದ್ದರಿಂದ ಮಹಾಶಯರೇ, ತಮ್ಮ ಮೇಲೆ ದೂರು ಹೇಗೆ ಕೊಡಬೇಕೆಂದೇ ತಿಳಿಯದೆ ಈ ದೂರು ಕೊಡುತ್ತಿದ್ದೇನೆ. ನಮ್ಮ ಬಂಧುಬಳಗದ ಮುಂದಿನ ಎಲ್ಲ ಸಮಾರಂಭಗಳಲ್ಲಿಯೂ ತಾವು ನಾಯಿಯನ್ನು ಉಳಿಸಿ, ಭಾಷಣದ ಹೊತ್ತಿಗೆ ಸರಿಯಾಗಿ ಮೂರ್ಛೆ ಹೋಗಬೇಕೆಂದು ಬೇಡಿಕೊಳ್ಳುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ನೀಲಮ

ತಾ.ಕ.: ಅವ್ವನ ಹೊಸ ರೈಡು ಪೆನ್ ಡ್ರೈವಿನಲ್ಲಿ ಭದ್ರವಾಗಿದೆ. ಅವರು ಗಾತ್ರದಲ್ಲಿ ತಮಗಿಂತ ಬಹಳ ಚಿಕ್ಕವರು, ಆದರೆ ಆಟ ಮುಗಿಯುವವರೆಗೆ ಎಚ್ಚರವಾಗಿರುತ್ತಾರೆ.