ನಾಲ್ಕನೆಯ ಅರ್ಥಕ್ಕೆ ಎರಡನೆಯ ಸಾಕ್ಷಿ

“ಒಬ್ಬರೇ ಆಡಿದ್ರೆ ಅದು ಮಾತಲ್ವಾ?”

ಎದುರಿಗೆ ಯಾರೂ ಇರಲಿಲ್ಲ. ಇದ್ದದ್ದು ಚೀಟಿಗಳ ಮರದ ಪೆಟ್ಟಿಗೆ, ತಣ್ಣಗಾದ ಚಹಾ, ಹತ್ತೂವರೆ ತೋರಿಸುತ್ತಿದ್ದ ಗಡಿಯಾರ. ಮೂರೂ ತುಟಿ ಬಿಚ್ಚಲಿಲ್ಲ.

ಕೇಳಿದವರು ನಿಘಂಟು ಕಚೇರಿಯ ಚೀಟಿ ಮೇಷ್ಟ್ರು. ಒಂದು ದಿನವೂ ಪಾಠ ಮಾಡಿದವರಲ್ಲ. ಮೂವತ್ತು ವರ್ಷದಿಂದ ಇಂಗ್ಲಿಷ್ ಪದಗಳ ಅರ್ಥಗಳನ್ನು ಚೀಟಿಯ ಮೇಲೆ ಬರೆದೂ ಬರೆದೂ ಆ ಹೆಸರು ಅಂಟಿಕೊಂಡಿತ್ತು. ಇಂದು ಕೈಯಲ್ಲಿದ್ದ ಪದ ಆಂಬುಷ್. ಹುಟ್ಟಿದಾಗ ಪಾಪ, ಕಾಡಿನೊಳಗೆ ಅವಿತುಕೊಳ್ಳುವುದು ಎಂದಷ್ಟೇ ಇತ್ತು. ಆಮೇಲೆ ಸೈನಿಕರ ಸಹವಾಸಕ್ಕೆ ಬಿದ್ದು, ಅವಿತಿದ್ದು ಮೇಲೆ ಬೀಳುವುದು ಎಂದಾಯಿತು. ಈಗ ಕಾಡೂ ಬೇಡ, ಕತ್ತಿಯೂ ಬೇಡ; ಮೆಟ್ಟಿಲಿಳಿಯುವ ದೊಡ್ಡ ಮನುಷ್ಯರನ್ನು ವರದಿಗಾರರು ಮೈಕು ಹಿಡಿದು ಮುತ್ತಿದರೂ ಆಂಬುಷ್. ಮೂರು ಅರ್ಥ, ಮೂರು ಚೀಟಿ.

ಮೇಷ್ಟ್ರು ನಾಲ್ಕನೆಯದನ್ನು ಬರೆದಿದ್ದರು: “ಪ್ರೀತಿಯಿಂದ, ಮನೆಗೆ ಬರುವವರಿಗಾಗಿ ಬಾಗಿಲ ಹಿಂದೆ ಅಡಗಿ ಕಾಯುವುದು.”

ಮದುವೆಯಾದ ಹೊಸದರಲ್ಲಿ ಈ ಪದದ ಕತೆಯನ್ನು ಅವರು ಹೆಂಡತಿಗೆ ಹೇಳಿದ್ದರು. ಮರುದಿನ ಸಂಜೆ ಕೆಲಸದಿಂದ ಬಂದು ಬಾಗಿಲು ತಳ್ಳಿದರೆ ಅದು ಅರ್ಧಕ್ಕೇ ನಿಂತಿತು. ಹಿಂದಿನಿಂದ “ಆಂಬುಷ್” ಎಂದು ಹಾರಿ ಬಂದಳು ಆಕೆ. ಇಪ್ಪತ್ತೊಂದು ವರ್ಷ ಹಾಗೇ ನಡೆಯಿತು. ಆಕೆ ಹೋಗಿ ಈಗ ಮೂರು ವರ್ಷ. ಬಾಗಿಲು ಗೋಡೆಗೆ ತಾಗುವವರೆಗೂ ಸಲೀಸಾಗಿ ಹೋಗುತ್ತದೆ.

ಪ್ರಧಾನ ಸಂಪಾದಕರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ ಹಿಂದಿರುಗಿಸಿದ್ದರು.

“ಸಾಕ್ಷಿ ಎಷ್ಟಿದೆ ಮೇಷ್ಟ್ರೇ?”

“ಒಂದು, ಸಾರ್. ನಾನೇ.”

“ಹೊಸ ಅರ್ಥಕ್ಕೆ ಎರಡು ಬೇಕು ಅಂತ ನಿಯಮ ಬರೆದವರು ಯಾರು?”

“ಅದೂ ನಾನೇ.”

“ಇನ್ನೊಬ್ಬರು ತಾವಾಗಿ ಆಡಿರಬೇಕು. ಕೇಳಿ ಹೇಳಿಸಿದ್ದು ನಡೆಯೋಲ್ಲ. ಬರೆದದ್ದಾದ್ರೆ ಮೂಲ ಕಾಗದಾನೇ ಕಚೇರಿಗೆ ಕೊಡಬೇಕು. ಐದು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತೆ.”

ಮುಂದಿನ ಪರಿಷ್ಕರಣೆ ಇಪ್ಪತ್ತು ವರ್ಷಕ್ಕೆ. ಅಷ್ಟರಲ್ಲಿ ಮೇಷ್ಟ್ರು ಎಲ್ಲಿರುತ್ತಾರೋ, ದೇವರಿಗೇ ಗೊತ್ತು. ಆಕೆಯ ಆ ಒಂದು ಮಾತು ಅವರ ಬಾಯೊಂದರಲ್ಲೇ ಉಳಿದು, ಬಾಯೊಂದಿಗೇ ಹೋಗಬೇಕೇ?

ಕೇಳಿ ಹೇಳಿಸಬಾರದು, ಸರಿ. ಬೆಚ್ಚಿಸಿ ಹೇಳಿಸಬಾರದೆಂದು ನಿಯಮದಲ್ಲಿ ಎಲ್ಲಿದೆ?

ಹನ್ನೊಂದಕ್ಕೆ ಮೇಷ್ಟ್ರು ಟೈಪಿಸ್ಟಮ್ಮನ ಕೋಣೆಯ ಬಾಗಿಲ ಹಿಂದೆ ನಿಂತರು. ಪದ್ಯ ಓದುವವರು ಕೊನೆಯ ಸಾಲಿಗೆ ಮೊದಲು ಉಸಿರೆಳೆದುಕೊಳ್ಳುವಂತೆ ಉಸಿರೆಳೆದು, ಆಕೆ ಒಳಗೆ ಬಂದದ್ದೇ “ಭೌ” ಎಂದರು.

ಆಕೆ ತಿರುಗಿ ಕೂಡ ನೋಡಲಿಲ್ಲ. “ಬಿಕ್ಕಳಿಕೆನಾ ಸಾರ್? ಏಳು ಗುಟುಕು ನೀರು ಕುಡೀರಿ, ಉಸಿರು ಬಿಡದೆ.”

ಹನ್ನೆರಡಕ್ಕೆ ಕಪಾಟಿನ ಸಂದಿ. ಕಸ ಗುಡಿಸುವಾಕೆ ಹತ್ತಿರ ಬಂದಾಗ ಮೇಷ್ಟ್ರು ಹಾರಿದರು. ಪೊರಕೆಯ ಹಿಡಿ ಅವರಿಗಿಂತ ಬೇಗ ಹಾರಿತು.

“ಅಯ್ಯೋ, ನಮ್ಮ ಮೇಷ್ಟ್ರಾ? ನಾನು ಹೆಗ್ಗಣ ಅಂದ್ಕೊಂಡೆ. ಪೆಟ್ಟು ಜೋರಾಗಿ ಬಿತ್ತಾ ಸಾರ್?”

“ಇರಲಿ. ಈಗ ನಾನು ನಿನಗೆ ಮಾಡಿದ್ದಕ್ಕೆ ಏನಂತಾರೆ, ಹೇಳಮ್ಮ?”

“ವಯಸ್ಸಾಯ್ತು ಅಂತಾರೆ ಸಾರ್.”

ಮೂರರ ಹೊತ್ತಿಗೆ ಸುದ್ದಿ ಇಡೀ ಕಚೇರಿಗೆ ಹಬ್ಬಿ, ಜನ ಬಾಗಿಲನ್ನು ಕೋಲಿನಿಂದ ತಳ್ಳಿ ಒಳಗೆ ಹೋಗತೊಡಗಿದರು. ಸುದ್ದಿ ಮುಟ್ಟದಿದ್ದದ್ದು ಪ್ರಧಾನ ಸಂಪಾದಕರಿಗೆ ಮಾತ್ರ. ನಾಲ್ಕಕ್ಕೆ ಅವರು ಚಹಾ ಹಿಡಿದು ಬರುತ್ತಿದ್ದಾಗ ಬಾಗಿಲ ಹಿಂದಿನಿಂದ ಮೇಷ್ಟ್ರು ಹೊರಬಿದ್ದರು. ಚಹಾ ಸಂಪಾದಕರ ಎದೆಗಿಳಿಯಿತು. ಮೇಷ್ಟ್ರ ತೋಳು ಚಿಲಕಕ್ಕೆ ಸಿಕ್ಕಿ ಅಂಗಿ ಭುಜದಿಂದ ಮೊಣಕೈವರೆಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಂಡಿತು.

ಹತ್ತು ನಿಮಿಷದಲ್ಲಿ ನೋಟಿಸು ಬಂತು: “ಸದರಿ ನೌಕರರು ಬಾಗಿಲ ಹಿಂದೆ ಅಡಗಿದ್ದು ನನ್ನನ್ನು ಆಂಬುಷ್ ಮಾಡಿರುತ್ತಾರೆ.”

ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. ಸಂಪಾದಕರ ಬಳಿಗೆ ಓಡಿದರು. “ಸಾರ್, ತಾವಾಗೇ ಬರೆದಿದ್ದೀರಿ. ಬಾಗಿಲೂ ಇದೆ. ಇದನ್ನ ಸಾಕ್ಷಿ ಅಂತ ಹಾಕ್ಕೊಳ್ಳಲಾ?”

ಸಂಪಾದಕರು ಅಂಗಿ ಹಿಂಡುತ್ತಾ ಕೇಳಿದರು. “ನಿಮಗೆ ನನ್ನ ಮೇಲೆ ಪ್ರೀತಿ ಇತ್ತೇನ್ರಿ?”

ಮೇಷ್ಟ್ರು ಸುಳ್ಳು ಹೇಳುವವರಲ್ಲ. “ಇಲ್ಲ ಸಾರ್.”

“ಹಾಗಾದ್ರೆ ಅದು ಎರಡನೇ ಅರ್ಥ. ಅದಕ್ಕೆ ಆಗಲೇ ನಲವತ್ತು ಸಾಕ್ಷಿ ಇದೆ. ಹೋಗಿ, ಮೊದಲು ಆ ತೋಳು ಹೊಲಿಸ್ಕೊಂಡು ಬನ್ನಿ.”

ಹೊಲಿಗೆ ಅಂಗಡಿ ರಸ್ತೆಯ ಆಚೆಗಿತ್ತು. ಅದು ಅವರ ನಾದಿನಿಯದು, ತೀರಿಕೊಂಡ ಹೆಂಡತಿಯ ಒಬ್ಬಳೇ ತಂಗಿ. ಮೇಷ್ಟ್ರನ್ನು ನಿಲ್ಲಿಸಿ, ತೋಳು ಎತ್ತಿಸಿ, ಅಂಗಿ ಮೈಮೇಲಿರುವಂತೆಯೇ ಸೂಜಿ ಹಾಕತೊಡಗಿದಳು. ಶತ್ರುವಿಗೆ ಶರಣಾದವರಂತೆ ನಿಂತು ಮೇಷ್ಟ್ರು ದಿನದ ಪಾಡೆಲ್ಲ ಹೇಳಿದರು. ಆಕೆ ನಕ್ಕೂ ನಕ್ಕೂ ಎರಡು ಸಲ ಸೂಜಿ ತಪ್ಪಿಸಿದಳು.

“ಅಲ್ಲಾ ಭಾವ, ಊರೆಲ್ಲ ಹೆದರಿಸೋ ಬದಲು ನನ್ನ ಒಂದು ಮಾತು ಕೇಳಬಾರದಿತ್ತಾ? ನಾನು ಹಾಸ್ಟೆಲ್‌ನಲ್ಲಿದ್ದಾಗ ಅಕ್ಕ ಬರೆದ ಕಾಗದದಲ್ಲಿ ಇದೆಯಲ್ಲ, ಆ ನಿಮ್ಮ ಆಂಬುಷ್.”

ಮೇಷ್ಟ್ರ ತೋಳು ತಾನಾಗಿ ಇಳಿಯಿತು, ಸೂಜಿ ಚುಚ್ಚಿತು, ಅವರಿಗೆ ಗೊತ್ತಾಗಲಿಲ್ಲ. ಆಕೆ ಹೊಲಿಗೆ ಯಂತ್ರದ ಡ್ರಾಯರಿನಿಂದ, ನೂಲಿನ ಉಂಡೆಗಳ ಅಡಿಯಿಂದ, ಮಡಿಕೆ ಸವೆದ ಕಾಗದವೊಂದನ್ನು ತೆಗೆದು ಮೇಷ್ಟ್ರ ಇನ್ನೊಂದು ಕೈಗಿಟ್ಟಳು. ಅದರಲ್ಲಿ ಹೀಗಿತ್ತು:

“ಇವತ್ತೂ ಇವರನ್ನ ಆಂಬುಷ್ ಮಾಡಿದೆ ಕಣೇ. ಎಲ್ಲಿ ನನ್ನ ಕಾಲಿಗೆ ತಾಗುತ್ತೋ ಅಂತ ಬಾಗಿಲು ಮೆಲ್ಲಗೆ ತೆಗೀತಾರೆ. ಆಮೇಲೆ ಬೆಚ್ಚಿ ಬೀಳ್ತಾರೆ. ಪಾಪ, ನಟನೆ ಒಂಚೂರೂ ಬರೋಲ್ಲ. ನಾನೂ ನಂಬಿದವಳ ಹಾಗೆ ನಗ್ತೀನಿ. ಅವರ ಸಂತೋಷ ಯಾಕೆ ಕೆಡಿಸ್ಲಿ.”

ಇಪ್ಪತ್ತೊಂದು ವರ್ಷ, ಗೊತ್ತಿದ್ದೂ ಗೊತ್ತಿಲ್ಲದವರಂತೆ ಹೆದರಿ, ಚೀಲ ಕೆಳಗೆ ಹಾಕಿ, ಎದೆ ಹಿಡಿದುಕೊಂಡವರು ಮೇಷ್ಟ್ರು. ಆಕೆಯನ್ನು ಚೆನ್ನಾಗಿ ಏಮಾರಿಸಿದೆನೆಂದು ಒಳಗೊಳಗೇ ಹಿಗ್ಗಿದ್ದರು. ಈಗ ಹಾಡುಹಗಲೇ, ರಸ್ತೆ ಬದಿಯ ಅಂಗಡಿಯಲ್ಲಿ, ತೋಳಿಗೆ ನೂಲು ಕಟ್ಟಿಸಿಕೊಂಡು ನಿಂತಿರುವಾಗ ಆಕೆ ಮತ್ತೊಮ್ಮೆ ಹಾರಿ ಬಂದಿದ್ದಳು. ಈ ಸಲ ಅವರು ನಿಜವಾಗಿಯೂ ಬೆಚ್ಚಿದರು.

ಕಾಗದದಿಂದ ಕಣ್ಣೆತ್ತಿ, “ಗಂಟೆ ಎಷ್ಟು?” ಎಂದರು.

“ಐದಕ್ಕೆ ಹತ್ತು ನಿಮಿಷ.”

“ಈ ಕಾಗದ ಕೊಡ್ತೀಯೇನಮ್ಮ? ಪುಸ್ತಕದಲ್ಲಿ ಅವಳ ಮಾತು ಸೇರುತ್ತೆ. ನಾವಿಬ್ಬರೂ ಹೋದ ಮೇಲೂ ಇರುತ್ತೆ.”

“ವಾಪಸ್ಸು ಯಾವಾಗ ಕೊಡ್ತಾರೆ?”

“ಕೊಡೋಲ್ಲ. ಕಚೇರಿ ಕಪಾಟಿನಲ್ಲಿ ಬೀಗ ಹಾಕಿಡ್ತಾರೆ.”

ಆಕೆ ನೂಲನ್ನು ಹಲ್ಲಿನಿಂದ ಕಡಿದಳು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಾಗದ ತೆಗೆದುಕೊಂಡಳು. ಹಳೆಯ ಮಡಿಕೆಯ ಗುರುತಿನ ಮೇಲೆಯೇ ಮಡಿಸಿದಳು.

“ಅಕ್ಕನ ಕೈಬರಹ ಅಂತ ನನ್ನ ಹತ್ತಿರ ಇರೋದು ಇದೊಂದೇ ಭಾವ,” ಎಂದಳು. “ಕೊಡೋಲ್ಲ.”